ಕೆಎ-64 ಸೀಮೆಯಲ್ಲಿ ಕಾರು ಯಾಕೆ ಕೆಡುತ್ತದೆ?

ಕೆಎ-64 ಮಧುಗಿರಿಯ ನಂಬರು. ಆ ಫಲಕ ಹೊತ್ತ ಕಾರುಗಳು ಹೆಚ್ಚಾಗಿ ಓಡಾಡುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತಿನಲ್ಲಿ. ದೊಡ್ಡ ಕೆಲಸ ಬಂತೆಂದರೆ ಈ ಕಡೆಯವರಲ್ಲಿ ಬಹಳಷ್ಟು ಜನ ತುಮಕೂರಿನ ಕಂಪನಿ ಸರ್ವಿಸ್ ಸೆಂಟರಿನ ದಾರಿ ಹಿಡಿಯುತ್ತಾರೆ. ಮಧುಗಿರಿಯಿಂದ ಅದು 40 ಕಿ.ಮೀ.ಗೂ ಹೆಚ್ಚು, ಶಿರಾದಿಂದ ಸುಮಾರು 50, ಪಾವಗಡದಿಂದ 100ರ ಹತ್ತಿರ. ಕೆಟ್ಟು ನಿಂತ ಗಾಡಿಯನ್ನು ಅಷ್ಟು ದೂರ ಎಳೆಸಿಕೊಂಡು ಹೋಗುವ ಬಾಡಿಗೆಯಲ್ಲೇ ಎಷ್ಟೋ ರಿಪೇರಿಗಳು ಊರಿನಲ್ಲಿ ಮುಗಿದುಬಿಡುತ್ತವೆ. ಹಾಗಾಗಿ ಇಲ್ಲಿ ಕಾರು ಇಟ್ಟುಕೊಂಡವರಿಗೆ ಎರಡು ವಿಷಯ ಗೊತ್ತಿರಬೇಕು. ಈ ಸೀಮೆಯಲ್ಲಿ ಗಾಡಿ ಯಾವುದರಿಂದ ಕೆಡುತ್ತದೆ, ಕೆಟ್ಟಾಗ ಮೆಕ್ಯಾನಿಕ್ ಎದುರು ಏನೆಂದು ಹೇಳಬೇಕು.

ಮೊದಲನೆಯದಕ್ಕೆ ಉತ್ತರ ಕಣ್ಣೆದುರೇ ಇದೆ: ಬಿಸಿಲು, ಬೋರ್‌ವೆಲ್ ನೀರು, ಧೂಳು. ಕಾರು ಯಾವ ಕಂಪನಿಯದಾದರೂ ಇವು ಮೂರು ಬಿಡುವುದಿಲ್ಲ. ಎರಡನೆಯದು ಅಷ್ಟು ಸುಲಭವಲ್ಲ. ಗಾಡಿ ಇಟ್ಟುಕೊಂಡವರ ದುಡ್ಡು ಹೆಚ್ಚಾಗಿ ಹೋಗುವುದು ಕೆಟ್ಟ ಪಾರ್ಟಿಗಲ್ಲ, ಕೆಡದೇ ಇದ್ದರೂ ಬದಲಾಯಿಸಿದ ಪಾರ್ಟಿಗೆ. ಆ ದುಡ್ಡನ್ನು ಉಳಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹೀಟ್ ಆಗುವ ಗಾಡಿ

ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಬಂದದ್ದು ಸುಮ್ಮನೆ ಅಲ್ಲ. ಮಳೆ ಕಡಿಮೆ, ಮೋಡ ಕಡಿಮೆ, ವರ್ಷದ ಬಹುಪಾಲು ಸುಡುವ ಬಿಸಿಲು. ರೈತರಿಗೆ ಬೆಳೆ ಕೊಡದ ಆ ಬಿಸಿಲೇ ಅಲ್ಲಿ ಕರೆಂಟ್ ಕೊಡುತ್ತಿದೆ. ಬಾನೆಟ್ಟಿನ ಕೆಳಗೆ ಅದೇ ಬಿಸಿಲು ರಬ್ಬರ್ ಪೈಪು, ಪ್ಲಾಸ್ಟಿಕ್ ಟ್ಯಾಂಕು, ಬ್ಯಾಟರಿ ಮೂರನ್ನೂ ಬೇಗ ಮುದಿ ಮಾಡುತ್ತದೆ.

ನೀರಿನ ಕಥೆಯೂ ಹಾಗೆಯೇ. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ರಾಜ್ಯಕ್ಕೆಲ್ಲ ಗೊತ್ತಿರುವ ಸಂಗತಿ. ಹಳ್ಳಿ ಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು ಅದರಿಂದಲೇ. ಮನುಷ್ಯನ ಹಲ್ಲು, ಮೂಳೆಗೆ ಫ್ಲೋರೈಡ್ ಕಂಟಕವಾದರೆ ಕಾರಿಗೆ ಕಂಟಕ ಅದೇ ನೀರಿನ ಗಡಸುತನ, ಅಂದರೆ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಯಿತೆಂದರೆ ತೋಟದ ಬೋರ್‌ವೆಲ್ ಪೈಪಿಗೆ ಬಾಟಲಿ ಹಿಡಿದು ತಂದು ಸುರಿಯುವುದು ನಮ್ಮಲ್ಲಿ ಮಾಮೂಲು. ಅಂಬಾಸಿಡರ್, ಜೀಪುಗಳ ಕಾಲದಿಂದ ಬಂದ ರೂಢಿ ಅದು. ಆಗಿನ ರೇಡಿಯೇಟರ್ ತಾಮ್ರ, ಹಿತ್ತಾಳೆಯದು. ಕಟ್ಟಿಕೊಂಡರೆ ಮೇಲಿನ ಟ್ಯಾಂಕು ಬಿಚ್ಚಿ, ಕೊಳವೆಗಳಿಗೆ ಕಂಬಿ ಹಾಯಿಸಿ, ಕೆಸರು ತೆಗೆದು, ಮತ್ತೆ ಬೆಸುಗೆ ಹಾಕಿ ಕೊಡುತ್ತಿದ್ದರು. ಲಾರಿಗಳು ಸಾಲುಗಟ್ಟುವ ಹೆದ್ದಾರಿ ಬದಿಯ ಊರುಗಳಲ್ಲಿ ಆ ಕೆಲಸ ಬಲ್ಲ ಮೇಸ್ತ್ರಿಗಳು ಈಗಲೂ ಸಿಗುತ್ತಾರೆ.

ಇವತ್ತಿನ ಕಾರಿನ ರೇಡಿಯೇಟರ್ ಹಾಗಿಲ್ಲ. ನಡುವೆ ತೆಳು ಅಲ್ಯೂಮಿನಿಯಂ, ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕು. ಕಟ್ಟಿಕೊಂಡ ಒಂದರ ಟ್ಯಾಂಕನ್ನು ಕಿತ್ತು ನೋಡಬೇಕು. ಕೊಳವೆಯ ಬಾಯಿ ಗುಂಡಗಿರುವುದಿಲ್ಲ, ಚಪ್ಪಟೆಯಾದ ಸೀಳು. ಒಳಗಿನ ದಾರಿ ಒಂದೆರಡು ಮಿಲಿಮೀಟರ್ ಅಷ್ಟೇ. ಆ ಸೀಳಿನ ಅಂಚಿನುದ್ದಕ್ಕೂ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಸುಣ್ಣದ ಪದರ, ಅದಕ್ಕೆ ಮೆತ್ತಿಕೊಂಡ ತುಕ್ಕಿನ ಕೆಂಪು ಕೆಸರು. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆ. ಅರ್ಧಕ್ಕರ್ಧ ಸೀಳುಗಳು ಮುಚ್ಚಿಯೇ ಹೋಗಿರುತ್ತವೆ. ಕಂಬಿ ಹಾಯಿಸಿದರೆ ಅಲ್ಯೂಮಿನಿಯಂ ಹರಿಯುತ್ತದೆ. ಕೆಮಿಕಲ್ ಹಾಕಿ ತೊಳೆದರೆ ಸ್ವಲ್ಪ ಬಿಡುತ್ತದೆ, ಪೂರ್ತಿ ಬಿಡುವುದಿಲ್ಲ. ಕೊನೆಗೆ ಹೊಸದೇ ಹಾಕಬೇಕು.

ಇದನ್ನು ತಪ್ಪಿಸಲು ಬೇಕಿರುವುದು ಕೂಲೆಂಟ್ ಒಂದೇ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಪ್ರಮಾಣದಲ್ಲಿ ಬೆರೆತದ್ದು ಸಾಮಾನ್ಯ ಹದ. ಬೆರೆಸಿಯೇ ಮಾರುವ ಡಬ್ಬಿಯೂ ಸಿಗುತ್ತದೆ, ನಾವೇ ನೀರು ಬೆರೆಸಬೇಕಾದ ಗಟ್ಟಿ ಕೂಲೆಂಟೂ ಸಿಗುತ್ತದೆ. ಕೊಳ್ಳುವಾಗ ಯಾವುದೆಂದು ಓದಿ ಕೊಳ್ಳಿ. ‘ಇಲ್ಲಿ ಹಿಮ ಬೀಳುತ್ತದೆಯೇ, ಕೂಲೆಂಟ್ ಯಾಕೆ?’ ಎನ್ನುವವರಿದ್ದಾರೆ. ಕೂಲೆಂಟ್‌ನ ಕೆಲಸ ಹೆಪ್ಪುಗಟ್ಟದಂತೆ ತಡೆಯುವುದಷ್ಟೇ ಅಲ್ಲ. ಅದು ಕುದಿಯುವ ಮಟ್ಟವನ್ನು ಏರಿಸುತ್ತದೆ, ಅದರಲ್ಲಿರುವ ಔಷಧಿ ಒಳಗಿನ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಒಂದಕ್ಕೊಂದು ಬೆರೆಸಬೇಡಿ. ಎಲ್ಲ ಕಂಪನಿಗಳ ಬಣ್ಣಕ್ಕೂ ಒಂದೇ ಅರ್ಥವಿಲ್ಲ. ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ. ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಸೇರಲು ಅದು ಸಾಕು, ಕಾಯಂ ಆಗಿ ಬೇಡ.

ಹೀಟ್ ಆದ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಒಳ್ಳೆಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳುತ್ತಾನೆ.

‘ಅಣ್ಣ, ಗಾಡಿ ಹೀಟ್ ಆಗ್ತೈತೆ ನೋಡಣ್ಣ.’

‘ಯಾವಾಗ ಆಗ್ತೈತೆ ಸಾರ್? ನಿಂತಾಗ್ಲಾ, ಓಡ್ವಾಗ್ಲಾ?’

ಈ ಒಂದು ಪ್ರಶ್ನೆಯಲ್ಲಿ ಅರ್ಧ ಪತ್ತೆ ಮುಗಿಯುತ್ತದೆ. ಮಧುಗಿರಿ ಬಸ್ ನಿಲ್ದಾಣದ ಎದುರಿನ ಜನಜಂಗುಳಿಯಲ್ಲಿ ಮುಳ್ಳು ಮೇಲೇರಿ, ಊರು ದಾಟಿ ಗಾಳಿ ಬೀಸಿದೊಡನೆ ಇಳಿದರೆ ತೊಂದರೆ ಫ್ಯಾನಿನದು. ಅದರ ಮೋಟಾರ್, ರಿಲೇ, ಫ್ಯೂಸ್, ಇಲ್ಲವೇ ಸೆನ್ಸರ್. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ ನೋಡಿ. ಬಹುತೇಕ ಕಾರುಗಳಲ್ಲಿ ಆಗ ರೇಡಿಯೇಟರ್ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಮೊದಲು ನೋಡಬೇಕಾದದ್ದು ಫ್ಯೂಸ್ ಮತ್ತು ರಿಲೇ, ಆಮೇಲೆ ಮೋಟಾರ್. ಊರೊಳಗೆ ತಣ್ಣಗಿದ್ದು ಶಿರಾ ದಾಟಿದ ಮೇಲೆ 48ನೇ ರಾಷ್ಟ್ರೀಯ ಹೆದ್ದಾರಿಯ ವೇಗದಲ್ಲೋ ದೇವರಾಯನದುರ್ಗದ ಏರಿನಲ್ಲೋ ಬಿಸಿಯೇರಿದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ಎಲ್ಲೂ ಸೋರಿಕೆ ಕಾಣದೆ ಕೂಲೆಂಟ್ ಮಾತ್ರ ಇಳಿಯುತ್ತಲೇ ಇದ್ದರೆ ರೇಡಿಯೇಟರ್ ಮುಚ್ಚಳವನ್ನು ಅನುಮಾನಿಸಿ. ಆ ಮುಚ್ಚಳ ಬರೀ ಮುಚ್ಚಳವಲ್ಲ. ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟು, ನೀರನ್ನು 120 ಡಿಗ್ರಿಯ ಹತ್ತಿರದವರೆಗೂ ಕುದಿಯಲು ಬಿಡುವುದಿಲ್ಲ. ಅದರ ರಬ್ಬರ್ ಒಣಗಿದರೆ ಒತ್ತಡ ನಿಲ್ಲದು, ಕೂಲೆಂಟ್ ಉಕ್ಕಿ ಹೊರಗೆ ಹೋಗುತ್ತದೆ. ಮುಚ್ಚಳದ ಬೆಲೆ ನೂರರ ಲೆಕ್ಕದ್ದು.

ಅದೂ ಸರಿಯಿದ್ದು ಕೂಲೆಂಟ್ ಇಳಿಯುತ್ತಿದ್ದರೆ, ಸೈಲೆನ್ಸರ್‌ನಿಂದ ನಿಲ್ಲದೆ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ಈಗಿನ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಂ. ಮಿತಿ ಮೀರಿ ಕಾಯ್ದರೆ ಅದು ಸೊಟ್ಟಗಾಗುತ್ತದೆ. ಬಿಚ್ಚಿ ಲೇತ್‌ಗೆ ಒಯ್ದು ಫೇಸಿಂಗ್ ಮಾಡಿಸಬೇಕು, ಗ್ಯಾಸ್ಕೆಟ್ ಹೊಸದು ಹಾಕಬೇಕು, ಟೈಮಿಂಗ್ ಕೂರಿಸಬೇಕು. ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಕೆಲವು ನೂರು ರೂಪಾಯಿಯ ರಿಲೇ ಕೈಕೊಟ್ಟಾಗಲೇ ಗಾಡಿ ನಿಲ್ಲಿಸಿದ್ದರೆ ಆ ಬಿಲ್ಲು ಬರುತ್ತಿರಲಿಲ್ಲ. ‘ಇನ್ನೇನು ಮೂರು ಕಿಲೋಮೀಟರ್, ಊರು ಬಂತು’ ಎಂದು ಓಡಿಸಿದ ಆ ಮೂರು ಕಿಲೋಮೀಟರಿನಲ್ಲೇ ಹೆಡ್ ಹೋಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಥರ್ಮಾಮೀಟರ್ ದೀಪ ಹತ್ತಿದರೆ ಎಸಿ ಆರಿಸಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಎಂಜಿನ್ನಿನ ಕಾವು ಸ್ವಲ್ಪ ಒಳಗೆ ಬರುತ್ತದೆ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒಳಗಿನ ಕುದಿ ನೀರು ಮುಖಕ್ಕೇ ಹಾರುತ್ತದೆ. ಹಾಗೆ ಸುಟ್ಟುಕೊಂಡವರನ್ನು ನೋಡದ ಗ್ಯಾರೇಜ್ ಇರಲಿಕ್ಕಿಲ್ಲ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕಿದೆ. ಹೀಟ್ ಆಗುವ ಗಾಡಿಗೆ ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಸರಿಹೋಗುತ್ತೆ’ ಎನ್ನುವ ಸಲಹೆ ನಮ್ಮ ಕಡೆ ಬಹಳ ಸಲೀಸಾಗಿ ಸಿಗುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆದುಕೊಳ್ಳುವ ಈ ಸಣ್ಣ ಬಾಗಿಲು ಎಂಜಿನ್ ಬೇಗ ಹದವಾದ ಬಿಸಿಗೆ ಬರುವಂತೆ ನೋಡಿಕೊಳ್ಳುತ್ತದೆ. ಅದನ್ನು ತೆಗೆದರೆ ಎಂಜಿನ್ ತಣ್ಣಗೇ ಓಡುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ. ನಿಜವಾದ ಕಾಯಿಲೆ ಹಾಗೆಯೇ ಉಳಿದಿರುತ್ತದೆ. ಥರ್ಮೋಸ್ಟಾಟ್ ಕೆಟ್ಟಿದ್ದರೆ ಹೊಸದು ಹಾಕಿಸಿ, ತೆಗೆಸಬೇಡಿ. ಬಿಸಿ ನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ಬಾಯಿ ತೆರೆಯುತ್ತದೋ ಇಲ್ಲವೋ ಎಂದು ನಿಮ್ಮೆದುರೇ ತೋರಿಸಲು ಮೆಕ್ಯಾನಿಕ್‌ಗೆ ಹತ್ತು ನಿಮಿಷ ಸಾಕು.

ಸೆಲ್ಫ್ ಹೊಡೆಯದ ಬೆಳಗು

ಬ್ಯಾಟರಿ ಚಳಿಗಾಲದಲ್ಲಿ ಸಾಯುತ್ತದೆ ಎಂಬ ನಂಬಿಕೆಯಿದೆ. ನಮ್ಮ ಕಡೆ ಅದನ್ನು ಕೊಲ್ಲುವುದು ಏಪ್ರಿಲ್ ತಿಂಗಳು, ಗೊತ್ತಾಗುವುದು ಮಾತ್ರ ಡಿಸೆಂಬರ್ ಬೆಳಿಗ್ಗೆ. ಬಿಸಿಲಿಗೆ ಒಳಗಿನ ನೀರು ಆವಿಯಾಗುತ್ತದೆ, ಪ್ಲೇಟುಗಳು ಸವೆಯುತ್ತವೆ. ಮೂರು–ನಾಲ್ಕು ವರ್ಷ ಬಾಳಿದರೆ ಅದು ನ್ಯಾಯವಾಗಿ ದುಡಿದಂತೆಯೇ. ಆದರೆ ಸೆಲ್ಫ್ ಹೊಡೆಯದಿದ್ದ ತಕ್ಷಣ ಹೊಸ ಬ್ಯಾಟರಿ ಕೊಂಡು ಹಾಕಿಸಿ, ವಾರದ ಮೇಲೆ ಅದೂ ಇಳಿದು ತಲೆ ಮೇಲೆ ಕೈ ಹೊತ್ತವರು ಎಷ್ಟೋ ಜನ.

ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಮನೆಯಲ್ಲಿದ್ದರೆ ಈ ಗೊಂದಲವಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12.4 ಪರವಾಗಿಲ್ಲ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.5ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ, ಬ್ಯಾಟರಿ ನಿರಪರಾಧಿ. ಡೈನಮೋದಲ್ಲಿ ಕಾರ್ಬನ್ ಬ್ರಷ್ ಸವೆದಿರಬಹುದು, ರೆಗ್ಯುಲೇಟರ್ ಹೋಗಿರಬಹುದು. ಇವನ್ನು ಬಿಡಿಯಾಗಿ ಬದಲಿಸಿ ಕೊಡುವ ಆಟೋ ಎಲೆಕ್ಟ್ರಿಷಿಯನ್‌ಗಳು ತಾಲ್ಲೂಕು ಕೇಂದ್ರಗಳಲ್ಲೇ ಇದ್ದಾರೆ. ಕಂಪನಿ ಸರ್ವಿಸ್‌ನಲ್ಲಾದರೆ ಸಾಮಾನ್ಯವಾಗಿ ಇಡೀ ಡೈನಮೋ ಬದಲಾಗುತ್ತದೆ. ಖರ್ಚಿನ ವ್ಯತ್ಯಾಸ ಎಷ್ಟೋ ಪಟ್ಟು.

ಮೀಟರ್ ಇಲ್ಲವೆಂದರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ದೀಪ ಉರಿಯುತ್ತಲೇ ಇದ್ದು ‘ಟಕ್’ ಎಂಬ ಒಂದೇ ಸದ್ದು ಬಂದರೆ, ಅಥವಾ ಸದ್ದೇ ಬಾರದಿದ್ದರೆ, ಸೆಲ್ಫ್ ಮೋಟಾರ್ ಕಡೆ ನೋಡಬೇಕು. ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗದ ಕಾರುಗಳೂ ಇವೆ, ಅವುಗಳಲ್ಲಿ ಕ್ಲಚ್ ಪೆಡಲಿನ ಸಣ್ಣ ಸ್ವಿಚ್ ಕೈಕೊಟ್ಟಿರುವುದೂ ಉಂಟು. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಬ್ಯಾಟರಿಗೆ ಕೈ ಹಾಕುವ ಪ್ರಮೇಯವೇ ಇಲ್ಲ.

ಟರ್ಮಿನಲ್ ಮೇಲೆ ಬೆಳೆಯುವ ಬಿಳಿ–ಹಸಿರು ಪುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು, ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿದರೆ ಎಷ್ಟೋ ‘ಸತ್ತ’ ಬ್ಯಾಟರಿಗಳು ಎದ್ದು ಕೂರುತ್ತವೆ. ಬಿಚ್ಚುವಾಗ ಮೊದಲು ಮೈನಸ್ ವೈರ್, ಹಾಕುವಾಗ ಅದು ಕೊನೆಗೆ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ಹೊಸದು ಕೊಳ್ಳುವುದು ಅನಿವಾರ್ಯವಾದರೆ ಹಳೆಯದನ್ನು ಎಕ್ಸ್‌ಚೇಂಜ್ ಕೊಟ್ಟು ಬೆಲೆ ಇಳಿಸಿಕೊಳ್ಳಿ, ಅದರ ಸೀಸಕ್ಕೆ ಬೆಲೆಯಿದೆ. ವಾರಂಟಿ ಕಾರ್ಡಿನಲ್ಲಿ ಸೀರಿಯಲ್ ನಂಬರ್, ತಾರೀಕು, ಅಂಗಡಿಯ ಮೊಹರು ಮೂರೂ ಬಿದ್ದಿವೆಯೇ ಎಂದು ಅಲ್ಲೇ ನೋಡಿ.

ಕಡಲೆಕಾಯಿ ರಾಶಿ, ಹುಲ್ಲಿನ ಬಣವೆ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿಯ ಕಾಟ ಬೇರೆ. ವೈರ್ ಕಡಿದು ಹಾಕುತ್ತವೆ. ಇಡೀ ವೈರಿಂಗ್ ಸೆಟ್ ಬದಲಿಸಬೇಕೆಂದು ಎಸ್ಟಿಮೇಟ್ ಬಂದರೆ ಗಾಬರಿಯಾಗಬೇಡಿ. ತುಂಡಾದ ವೈರುಗಳನ್ನು ಸೇರಿಸಿ, ಬೆಸೆದು, ಮೇಲೆ ಸ್ಲೀವ್ ಹಾಕಿ ಕೊಡುವುದು ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಒಂದು ದಿನದ ಕೆಲಸ. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರ್ ಮಾತ್ರ ಬಲ್ಲವರ ಕೈಗೇ ಬಿಡಬೇಕು.

ಸದ್ದು ಎಲ್ಲಿಂದ?

ಹಂಪ್ ಹಾರಿದಾಗ ‘ಕಟ ಕಟ’ ಎಂದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಎರಡೂ ಬದಿಗೆ ಹೊಸದು ಹಾಕಿಸಿ, ಸದ್ದು ಹಾಗೇ ಉಳಿದು ಪೇಚಾಡುವವರು ಬಹಳ. ಸಣ್ಣ ಗುಂಡಿಗಳಲ್ಲಿ ಬರುವ ಕಟಕಟ ಹೆಚ್ಚಾಗಿ ಲಿಂಕ್ ರಾಡ್‌ನದು, ಇಲ್ಲವೇ ಬುಷ್‌ನದು. ಎರಡೂ ಶಾಕ್ ಅಬ್ಸಾರ್ಬರ್‌ಗಿಂತ ಬಹಳ ಅಗ್ಗ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ‘ಟಿಕ್ ಟಿಕ್’ ಎಂದರೆ ಆ್ಯಕ್ಸಲ್‌ನ ಹೊರಗಿನ ಜಾಯಿಂಟ್. ವೇಗದ ಜೊತೆ ಏರುವ ‘ಹೂಂ’ ಸದ್ದು ವ್ಹೀಲ್ ಬೇರಿಂಗ್. ಬ್ರೇಕ್ ಒತ್ತಿದಾಗ ಕೀರಲು ಬಂದರೆ ಪ್ಯಾಡ್ ಮುಗಿಯುತ್ತಿದೆ ಎಂದು ಎಚ್ಚರಿಸಲು ಕಂಪನಿಯೇ ಇಟ್ಟಿರುವ ತಗಡು ಕೂಗುತ್ತಿರಬಹುದು. ಅದು ಕೂಗುವಾಗಲೇ ಪ್ಯಾಡ್ ಬದಲಿಸಿದರೆ ಡಿಸ್ಕ್ ಉಳಿಯುತ್ತದೆ.

ಆ್ಯಕ್ಸಲ್ ಜಾಯಿಂಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದರ ಮೇಲೆ ಗ್ರೀಸ್ ತುಂಬಿದ ರಬ್ಬರ್ ಬೂಟ್ ಇರುತ್ತದೆ. ಬಿಸಿಲಿಗೆ ಒಣಗಿ, ತೋಟದ ದಾರಿಯ ಕಲ್ಲು, ಕಡ್ಡಿ ತಾಗಿ ಅದು ಹರಿಯುತ್ತದೆ. ಗ್ರೀಸ್ ಹೊರಗೆ ಸಿಡಿದು ಚಕ್ರದ ಒಳಬದಿ ಕಪ್ಪಗಾಗುತ್ತದೆ. ಒಳಗೆ ಮರಳು ಹೋಗುತ್ತದೆ. ಹರಿದ ವಾರದೊಳಗೆ ಕಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಆಯಿತು. ತಿಂಗಳುಗಟ್ಟಲೆ ಬಿಟ್ಟರೆ ಆ್ಯಕ್ಸಲ್ಲೇ ಹೋಗುತ್ತದೆ. ಪಂಚರ್ ಹಾಕಿಸಲು ಗಾಡಿ ಎತ್ತಿದಾಗಲೆಲ್ಲ ಒಮ್ಮೆ ಬಗ್ಗಿ ಒಳಗೆ ಟಾರ್ಚ್ ಬಿಡಿ. ಬಳ್ಳಾರಿ ಜಾಲಿ ಬೆಳೆದ ನಮ್ಮ ಕಡೆ ಪಂಚರ್‌ಗೇನೂ ಕೊರತೆಯಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಚುಚ್ಚಿದ ಮುಳ್ಳು, ಮೊಳೆಯನ್ನು ದಾರಿಯಲ್ಲಿ ಕೀಳಬೇಡಿ, ಅಂಗಡಿ ಮುಟ್ಟುವವರೆಗೆ ಅದೇ ಬಿರಡೆ. ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಪಂಚರ್ ಹಾಕಿ ಓಡಿಸುವುದು ಪ್ರಾಣದ ಜೊತೆ ಚೆಲ್ಲಾಟ.

ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡು ಗಾಡಿ ಎಳೆಯದಿರುವುದು, ಎಸಿ ತಣ್ಣಗಾಗದಿರುವುದು ಬೇಸಿಗೆಯ ನಿತ್ಯದ ದೂರು. ಕಾರಿನ ಪುಸ್ತಕದಲ್ಲಿ ಧೂಳಿನ ಪ್ರದೇಶಕ್ಕೆಂದೇ ಸರ್ವಿಸ್‌ನ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಪಾವಗಡ, ಶಿರಾದವರು ನೋಡಬೇಕಾದದ್ದು ಆ ಪುಟ. ಎಸಿ ವಿಷಯದಲ್ಲಿ ಒಂದು ಮೋಸ ಎಲ್ಲೆಲ್ಲೂ ನಡೆಯುತ್ತದೆ. ‘ಗ್ಯಾಸ್ ಮುಗಿದಿದೆ, ತುಂಬಿಸಿ’ ಎಂದು ಪ್ರತಿ ವರ್ಷ ತುಂಬಿಸುವುದು. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸುವವರಿಗೆ ದುಡ್ಡು ಕೊಡಬೇಡಿ. ಅದಕ್ಕೂ ಮೊದಲು ಮುಂದಿನ ಕಂಡೆನ್ಸರ್‌ಗೆ ಮೆತ್ತಿದ ಧೂಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಸಿ, ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಅಷ್ಟರಲ್ಲೇ ಸರಿಹೋಗುವ ಎಸಿಗಳು ಬಹಳ.

ಚೆಕ್ ಎಂಜಿನ್ ದೀಪ ಹತ್ತಿದರೆ? ಕಳೆದ ಹತ್ತು–ಹನ್ನೆರಡು ವರ್ಷಗಳ ಬಹುತೇಕ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಕಂಪ್ಯೂಟರ್ ತನ್ನ ದೂರನ್ನು ಕೋಡ್ ರೂಪದಲ್ಲಿ ಹೇಳುತ್ತದೆ. ಈಗ ಸಣ್ಣ ಊರುಗಳ ಗ್ಯಾರೇಜಿನಲ್ಲೂ ಸ್ಕ್ಯಾನರ್ ಬಂದಿದೆ. ಕೋಡ್ ತೋರಿಸುವುದು ಜಾಡನ್ನು, ಅಪರಾಧಿಯನ್ನಲ್ಲ. ಪಿ 0171 ಎಂದು ಬಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಷ್ಟೇ ಅರ್ಥ. ಅದಕ್ಕೆ ಬಿರುಕು ಬಿಟ್ಟ ಒಂದು ರಬ್ಬರ್ ಪೈಪು ಕಾರಣವಿರಬಹುದು, ಕಟ್ಟಿದ ಫ್ಯೂಯಲ್ ಫಿಲ್ಟರ್ ಇರಬಹುದು, ಸೋತ ಫ್ಯೂಯಲ್ ಪಂಪ್ ಇರಬಹುದು. ಕೋಡ್ ನೋಡಿದ್ದೇ ತಡ ದುಬಾರಿ ಸೆನ್ಸರ್ ಬದಲಿಸಬೇಕು ಎನ್ನುವವರನ್ನು ‘ಅದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳುವ ಹಕ್ಕು ನಿಮಗಿದೆ. ಕೋಡ್‌ನ ಫೋಟೊ ತೆಗೆದುಕೊಳ್ಳಿ. ದೀಪ ಆರಿಸಿದ ಮಾತ್ರಕ್ಕೆ ರಿಪೇರಿ ಆದಂತಲ್ಲ.

ಅಗ್ಗದ ಪಾರ್ಟು ಎಲ್ಲಿ, ಹೇಗೆ

ಮಾರುತಿ 800 ನಿಂತು ದಶಕ ದಾಟಿದೆ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಆ ಕಾರಿನ ಪಾರ್ಟುಗಳು ಈಗಲೂ ಸುಲಭವಾಗಿ ಸಿಗುತ್ತವೆ. ಆಲ್ಟೊ, ಸ್ವಿಫ್ಟ್, ಬೊಲೆರೊ ಮಾಲೀಕರಿಗೂ ಚಿಂತೆಯಿಲ್ಲ. ಸ್ವಿಫ್ಟ್ ಡೀಸೆಲ್‌ನಲ್ಲಿದ್ದ ಫಿಯಟ್ ಮೂಲದ 1.3 ಲೀಟರ್ ಎಂಜಿನ್ ಟಾಟಾ ಕಾರುಗಳಲ್ಲೂ ಇದ್ದುದರಿಂದ ಅದನ್ನು ಬಿಚ್ಚಿ ಕಟ್ಟಲು ಬರುವ ಕೈಗಳು ಊರೂರಲ್ಲಿವೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಬೆಂಗಳೂರಿನಲ್ಲಿ ಕಡಿಮೆಗೆ ಸಿಕ್ಕಿತೆಂದು ದೇಶ ಬಿಟ್ಟುಹೋದ ಕಂಪನಿಯ ಕಾರು ತಂದರೆ ಒಂದು ಹೆಡ್‌ಲೈಟಿಗೂ ಮತ್ತೆ ಬೆಂಗಳೂರಿನ ಜೆ.ಸಿ. ರಸ್ತೆಗೇ ಓಡಬೇಕು. ಪಾವಗಡದವರಿಗಾದರೆ ಇನ್ನೊಂದು ಅನುಕೂಲವಿದೆ. ತಾಲ್ಲೂಕಿನ ಮೂರು ಕಡೆಗೂ ಆಂಧ್ರ, ಹಿಂದೂಪುರದ ಅಂಗಡಿಗಳು ಕೈಗೆಟುಕುವ ದೂರದಲ್ಲಿವೆ. ತುಮಕೂರು, ಹಿಂದೂಪುರ ಎರಡೂ ಕಡೆ ಫೋನಿನಲ್ಲಿ ರೇಟು ಕೇಳಿಯೇ ಹೊರಡಬಹುದು.

ಒರಿಜಿನಲ್ ಮತ್ತು ಲೋಕಲ್ ಎಂಬ ಎರಡೇ ಜಾತಿ ಪಾರ್ಟುಗಳಿಗಿದೆ ಎಂದು ಭಾವಿಸುವುದು ಬೇಡ. ಕಾರು ಕಂಪನಿಗಳು ತಮ್ಮ ಪಾರ್ಟುಗಳಲ್ಲಿ ಬಹುಪಾಲನ್ನು ತಾವೇ ತಯಾರಿಸುವುದಿಲ್ಲ. ಬಾಷ್, ಗೇಬ್ರಿಯಲ್, ರಾಣೆಯಂಥ ತಯಾರಕರಿಂದ ಕೊಳ್ಳುತ್ತವೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಮಾಲು ಎಷ್ಟೋ ಸಲ ತಯಾರಕರ ಸ್ವಂತ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಗುಣಮಟ್ಟಕ್ಕೆ ಕೊರತೆಯಿರುವುದಿಲ್ಲ. ಹೆಸರಿಲ್ಲದ ಡಬ್ಬಿಯ ಕನ್ನಡಿ, ಬಂಪರ್, ಡೋರ್ ಹ್ಯಾಂಡಲ್ ಹಾಕಿಸಿದರೂ ನಡೆದೀತು. ಬ್ರೇಕ್, ಸ್ಟೀರಿಂಗ್, ಟೈರು, ಟೈಮಿಂಗ್ ಬೆಲ್ಟ್‌ಗಳಲ್ಲಿ ಅಗ್ಗ ಹುಡುಕುವುದು ಬೇಡವೇ ಬೇಡ. ಗುಜರಿಯಿಂದ ತಂದ ಡೋರು, ಗಾಜು, ಸೀಟು, ಡೈನಮೋ ಸರಿ. ಗುಜರಿಯ ಬ್ರೇಕ್ ಪಾರ್ಟು, ಏರ್‌ಬ್ಯಾಗ್ ಮುಟ್ಟಬೇಡಿ.

ಕಂಪನಿ ಸರ್ವಿಸ್ ಬಿಟ್ಟು ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆ ಎಂಬ ಹೆದರಿಕೆ ಜನರಲ್ಲಿ ಆಳವಾಗಿ ಕೂತಿದೆ. ಇದರ ಹಿಂದೆ ದೊಡ್ಡ ವ್ಯಾಜ್ಯವೇ ನಡೆದಿದೆ. ಬಿಡಿಭಾಗ, ಸ್ಕ್ಯಾನಿಂಗ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟು ರದ್ದು ಮಾಡುವ ಷರತ್ತು ಹಾಕಬಾರದು, ಆ ರಿಪೇರಿಯಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಆ ಆದೇಶದಲ್ಲಿದೆ. ಕಂಪನಿಗಳು ಅದರ ವಿರುದ್ಧ ಮೇಲ್ಮನವಿ ಹೋದವು. ಅಲ್ಲಿಂದೀಚೆಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದು, ವಾಹನ ಕ್ಷೇತ್ರವನ್ನೂ ಅದರಲ್ಲಿ ಸೇರಿಸಿತು. ನನ್ನ ಅಭಿಪ್ರಾಯ ಇಷ್ಟು: ವಾರಂಟಿ ಇರುವಷ್ಟು ದಿನ ಸರ್ವಿಸ್ ಕಂಪನಿಯಲ್ಲೇ ಮಾಡಿಸಿ, ಬಿಲ್ಲುಗಳನ್ನು ಜೋಪಾನವಾಗಿಡಿ. ವಾರಂಟಿ ಮುಗಿದ ಮೇಲೆ ಊರಿನ ಒಳ್ಳೆಯ ಮೆಕ್ಯಾನಿಕ್‌ಗಿಂತ ಲಾಭದ ದಾರಿ ಇನ್ನೊಂದಿಲ್ಲ.

ಒಳ್ಳೆಯ ಮೆಕ್ಯಾನಿಕ್ ಯಾರು? ಬಿಚ್ಚುವ ಮೊದಲು ಪ್ರಶ್ನೆ ಕೇಳುವವನು, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡುವವನು, ತೆಗೆದ ಹಳೆ ಪಾರ್ಟನ್ನು ಕೇಳದೆಯೇ ಡಿಕ್ಕಿಯಲ್ಲಿಟ್ಟು ಕೊಡುವವನು. ‘ಇದು ನನ್ನ ಕೈಲಿ ಆಗಲ್ಲ, ತುಮಕೂರಿಗೆ ತಗೊಂಡು ಹೋಗಿ’ ಎಂದು ಹೇಳಲು ಹಿಂಜರಿಯದವನು. ಅಂಥವರು ಮಧುಗಿರಿಯಲ್ಲೂ ಇದ್ದಾರೆ, ಕೊರಟಗೆರೆಯಲ್ಲೂ ಇದ್ದಾರೆ. ಆದರೆ ಅವರಿಗೆ ನಾವು ಮಾಡುವ ಅನ್ಯಾಯವೊಂದಿದೆ. ಒಂದು ಗಂಟೆ ಮಂಡಿಯೂರಿ ತಡಕಾಡಿ, ಸಡಿಲವಾದ ಒಂದು ಅರ್ಥ್ ವೈರ್ ಹುಡುಕಿ ಬಿಗಿ ಮಾಡಿಕೊಟ್ಟರೆ ‘ವೈರ್ ಬಿಗಿ ಮಾಡಿದ್ದಕ್ಕೆ ಇಷ್ಟಾ?’ ಎಂದು ಚೌಕಾಸಿ ಮಾಡುತ್ತೇವೆ. ಅದೇ ಮನುಷ್ಯ ಬೇಕಿಲ್ಲದ ಎರಡು ಪಾರ್ಟು ಬದಲಿಸಿ ಸಾವಿರಗಟ್ಟಲೆ ಬಿಲ್ಲು ಕೊಟ್ಟರೆ ತೆಪ್ಪಗೆ ಎಣಿಸಿ ಕೊಡುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲವೆಂದಾದರೆ ಹುಡುಕುವವರು ಎಲ್ಲಿ ಉಳಿಯುತ್ತಾರೆ? ಪಾರ್ಟು ಮಾರಿಯೇ ಬದುಕಬೇಕೆಂದಾದರೆ ಪಾರ್ಟನ್ನೇ ಮಾರುತ್ತಾರೆ. ಐಟಿಐಯಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಓದಿ ಬಂದ ನಮ್ಮ ಹುಡುಗರು ಊರು ಬಿಟ್ಟು ಬೆಂಗಳೂರು ಸೇರುವುದಕ್ಕೆ ಈ ಚೌಕಾಸಿಯೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ದೊಡ್ಡ ಕೆಲಸಕ್ಕೆ ಬಿಟ್ಟುಬರುವ ಮುನ್ನ ಎಸ್ಟಿಮೇಟ್ ಬರೆಸಿಕೊಳ್ಳಿ. ಪಾರ್ಟಿನ ಬೆಲೆ ಬೇರೆ, ಲೇಬರ್ ಬೇರೆ ಇರಲಿ. ಹೆಚ್ಚಿನ ಕೆಲಸ ಕಂಡರೆ ಫೋನ್ ಮಾಡಿ ಕೇಳಿಯೇ ಮುಂದುವರಿಯಬೇಕೆಂದು ಮೊದಲೇ ಹೇಳಿ. ಕೆಲಸ ಹಾಳಾಗಿ, ಕೇಳಿದರೂ ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ಲು ಇಲ್ಲದವರಿಗೆ ಎಲ್ಲಿಯೂ ದಾರಿಯಿಲ್ಲ, ಹಾಗಾಗಿ ಪರಿಚಯದ ಗ್ಯಾರೇಜಾದರೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಶಿವರಾತ್ರಿ ಮುಗಿದರೆ ಬಿಸಿಲು ಶುರು. ಅದಕ್ಕೆ ಮುಂಚೆ ಒಂದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಕೂಲೆಂಟ್ ತಿಳಿಯಾಗಿ ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ತುಕ್ಕಿನ ಕೆಂಪಗಿದ್ದರೆ ಅದೇ ವಾರ ತೊಳೆಸಿ, ಹೊಸ ಕೂಲೆಂಟ್ ಹಾಕಿಸಿ, ಹುಡುಕಿ ಸರಿಮಾಡಿದ ಮೆಕ್ಯಾನಿಕ್‌ಗೆ ಕೇಳಿದಷ್ಟು ಕೂಲಿ ಕೊಟ್ಟು ಬನ್ನಿ.